ಮೇ ತಿಂಗಳ ಸೆಕೆಯಲ್ಲಿ ಮಂಗಳೂರು: ಮೂರು ದಿನಗಳನ್ನು ಹೇಗೆ ಕಳೆಯಬೇಕು?

ಪ್ರಶ್ನೆ: ನಾವು ದಾವಣಗೆರೆಯವರು. ಮಕ್ಕಳ ಬೇಸಿಗೆ ರಜೆಯಲ್ಲಿ, ಮೇ ಎರಡನೆಯ ವಾರ, ಮೂರು ದಿನ ಮಂಗಳೂರಿನಲ್ಲಿ ಇರಬೇಕೆಂದಿದ್ದೇವೆ. ನಾನು, ನನ್ನ ಪತಿ, 13 ಮತ್ತು 9 ವರ್ಷದ ಇಬ್ಬರು ಮಕ್ಕಳು, ಜೊತೆಗೆ ಎಪ್ಪತ್ತು ದಾಟಿದ ಅತ್ತೆ. ಆ ಸೆಕೆಯಲ್ಲಿ ಅಲ್ಲಿಗೆ ಯಾಕೆ ಹೋಗುತ್ತೀರಿ ಎಂದು ಎಲ್ಲರೂ ಕೇಳುತ್ತಿದ್ದಾರೆ. ಸಮುದ್ರ ಬಿಟ್ಟರೆ ಆ ಊರಿನಲ್ಲಿ ಬೇಸಿಗೆಯಲ್ಲಿ ಮಾಡುವಂಥದ್ದು ಏನಿದೆ? ಮಕ್ಕಳು ನೀರಿಗೆ ಇಳಿಯಬಹುದೆ?

ಉತ್ತರ: ಸೆಕೆಯ ಬಗ್ಗೆ ನಿಮ್ಮನ್ನು ಎಚ್ಚರಿಸಿದವರು ಸುಳ್ಳು ಹೇಳಿಲ್ಲ. ಆದರೆ ಅದು ಯಾವ ಬಗೆಯ ಸೆಕೆ ಎಂದು ತಿಳಿದುಕೊಂಡು ಬಂದರೆ ನಿಮ್ಮ ಪ್ರವಾಸದ ಅರ್ಧ ಕಷ್ಟ ಕಳೆದಂತೆ. ಥರ್ಮಾಮೀಟರಿನ ಲೆಕ್ಕದಲ್ಲಿ ಮೇ ತಿಂಗಳ ಮಂಗಳೂರಿಗಿಂತ ನಿಮ್ಮ ದಾವಣಗೆರೆಯೇ ಬಿಸಿ. ಇಲ್ಲಿ ಹಗಲಿನ ಗರಿಷ್ಠ ಉಷ್ಣಾಂಶ ಸಾಮಾನ್ಯವಾಗಿ 33ರಿಂದ 35 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ನಿಮ್ಮ ಒಣಗಾಳಿಯಲ್ಲಿ ಬೆವರು ಬಂದ ಹಾಗೆಯೇ ಆರಿ ಮೈ ತಂಪಾಗುತ್ತದೆ, ಇಲ್ಲಿನ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆರದೆ ಮೈಮೇಲೆಯೇ ನಿಲ್ಲುತ್ತದೆ. ಹೀಗಾಗಿ ಬಯಲುಸೀಮೆಯವರು ರೂಢಿಯಂತೆ ಮರದ ನೆರಳಿಗೆ ಸರಿದು ನಿಂತರೂ ಅವರಿಗೆ ಹಾಯೆನಿಸುವುದಿಲ್ಲ. ಇಲ್ಲಿ ನೆರಳಿಗಿಂತ ಗಾಳಿ ಮುಖ್ಯ.

ಎರಡನೆಯ ಮಾತು ಗಡಿಯಾರದ್ದು. ಮಂಗಳೂರು ದೇಶದ ಪಶ್ಚಿಮದ ಅಂಚಿನಲ್ಲಿರುವುದರಿಂದ ಇಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಹನ್ನೆರಡು ಗಂಟೆಗಲ್ಲ, ಸುಮಾರು ಹನ್ನೆರಡೂವರೆಗೆ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ಈ ಊರಿನ ನೆತ್ತಿಯ ಮೇಲೆಯೇ ಹಾದುಹೋಗಿರುತ್ತಾನೆ. ನೀವು ಬರುವ ವಾರ ನೆತ್ತಿಯಿಂದ ಸ್ವಲ್ಪವೇ ಉತ್ತರಕ್ಕೆ ವಾಲಿರುತ್ತಾನೆ. ಆದ್ದರಿಂದ ಹನ್ನೊಂದರಿಂದ ನಾಲ್ಕರವರೆಗೆ ಬಯಲಿನಲ್ಲಿ ಏನನ್ನೂ ಇಟ್ಟುಕೊಳ್ಳಬೇಡಿ. ಹೊರಗಿನವರಿಗೆ ಊರು ತೋರಿಸುವ ಕೆಲಸಕ್ಕೆ ಇಳಿದ ಮೊದಲ ವರ್ಷಗಳಲ್ಲಿ ನಾನು ಹಿರಿಯರಿದ್ದ ಒಂದು ಗುಂಪನ್ನು ನಡುಮಧ್ಯಾಹ್ನ ಸುಲ್ತಾನ್ ಬತ್ತೇರಿ ಎಂಬ ಹಳೆಯ ಕಾವಲುಗೋಪುರದ ಮೇಲೆ ಹತ್ತಿಸಿದ್ದೆ. ಅವರಲ್ಲಿ ಒಬ್ಬ ತಾಯಿ ತಲೆಸುತ್ತಿ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು. ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಬಂದ ಆ ದಿನದಿಂದ ನಾನು ಮೇ ತಿಂಗಳಲ್ಲಿ ಯಾರಿಗೂ ಮಧ್ಯಾಹ್ನದ ಬಿಸಿಲು ತೋರಿಸಿಲ್ಲ. ಬೆಳಗಿನ ಆರರಿಂದ ಹತ್ತು, ಸಂಜೆ ನಾಲ್ಕೂವರೆಯಿಂದ ನಡುರಾತ್ರಿ, ಇವು ನಿಮ್ಮ ಹೊತ್ತುಗಳು. ನಡುವಿನದ್ದು ಗೋಡೆ, ಚಾವಣಿ, ಊಟ ಮತ್ತು ನಿದ್ದೆಗೆ ಸೇರಿದ್ದು.

ಮೊದಲ ದಿನದ ಸಂಜೆಗೆ ನಾನು ಯಾರಿಗಾದರೂ ಹೇಳುವುದು ಒಂದೇ: ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿ ತಣ್ಣೀರುಬಾವಿಗೆ ಹೋಗಿ. ಈ ಊರಿನ ಭೂಗೋಳ ಮತ್ತು ಚರಿತ್ರೆ ಎರಡೂ ಅಷ್ಟು ಹತ್ತಿರ ಸಿಗುವ ಜಾಗ ಇನ್ನೊಂದಿಲ್ಲ. ದಕ್ಷಿಣದಿಂದ ನೇತ್ರಾವತಿ, ಉತ್ತರದಿಂದ ಫಲ್ಗುಣಿ ಅಥವಾ ಗುರುಪುರ ನದಿ ಬಂದು ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಗುರುಪುರ ನದಿ ನೇರವಾಗಿ ಕಡಲಿಗೆ ಬೀಳದೆ, ದಡಕ್ಕೆ ಸಮಾನಾಂತರವಾಗಿ ದಕ್ಷಿಣಕ್ಕೆ ಹರಿಯುತ್ತದೆ. ನದಿಗೂ ಕಡಲಿಗೂ ನಡುವೆ ಉಳಿದ ಕಿರಿದಾದ ಮರಳಿನ ಪಟ್ಟಿಯೇ ತಣ್ಣೀರುಬಾವಿ ಮತ್ತು ಬೆಂಗ್ರೆ. ಎರಡು ಕಡೆ ಉಪ್ಪುನೀರಿದ್ದರೂ ಇಂಥ ಮರಳುಪಟ್ಟಿಯಲ್ಲಿ ಸಿಹಿನೀರು ಸಿಗುವುದುಂಟು. ಮರಳಿನೊಳಗೆ ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲಿ ನಿಲ್ಲುತ್ತದೆ. ಮಕ್ಕಳಿಗೆ ಇದನ್ನು ಅಲ್ಲಿಯೇ ಹೇಳಿ, ಊರಿನ ಹೆಸರಿನ ಜೊತೆಗೆ ಅವರಿಗೆ ನೆನಪಿರುತ್ತದೆ.

ಬತ್ತೇರಿಯನ್ನು ಟಿಪ್ಪು ಸುಲ್ತಾನ್ 1784ರಲ್ಲಿ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ. ಎರಡನೆಯ ಆಂಗ್ಲೋ-ಮೈಸೂರು ಯುದ್ಧವನ್ನು ಮುಗಿಸಿದ ಒಪ್ಪಂದಕ್ಕೆ ಸಹಿ ಬಿದ್ದದ್ದು ಇದೇ ಮಂಗಳೂರಿನಲ್ಲಿ, ಅದೇ ವರ್ಷದ ಮಾರ್ಚ್ 11ರಂದು. ಒಪ್ಪಂದವಾದರೂ ಶತ್ರುವಿನ ಹಡಗುಗಳು ನದಿಯೊಳಗೆ ನುಗ್ಗಬಾರದೆಂಬ ಎಚ್ಚರದಿಂದ ಕಟ್ಟಿದ ಕಾವಲುಗೋಪುರ ಇದು. ಇದನ್ನು ನೋಡಲು ಹದಿನೈದು ನಿಮಿಷ ಸಾಕು. ಮೆಟ್ಟಿಲು ಹೆಚ್ಚಿಲ್ಲ, ಆದರೂ ಅತ್ತೆಯವರು ಕೆಳಗೇ ನಿಲ್ಲುವುದಾದರೆ ನಿಲ್ಲಲಿ. ಮಕ್ಕಳು ಗೋಡೆಯ ತೂತುಗಳಿಗೆ ಕಣ್ಣಿಟ್ಟು ನೋಡಲಿ. ತೋಪು, ಕೋವಿಗಳ ಬಾಯಿಯಿಡಲು ಬಿಟ್ಟ ಆ ಕಿಂಡಿಗಳಲ್ಲಿ ಪ್ರತಿಯೊಂದರಿಂದಲೂ ಕಾಣುವ ನೀರಿನ ತುಂಡು ಬೇರೆ ಬೇರೆ, ಎಲ್ಲವನ್ನೂ ಜೋಡಿಸಿಕೊಂಡರೆ ನದಿಯ ಬಾಗಿಲು ಪೂರ್ತಿ ಕಾವಲಿನಲ್ಲಿತ್ತೆಂಬುದು ಯಾರೂ ಹೇಳದೆಯೇ ಅವರಿಗೆ ಗೊತ್ತಾಗುತ್ತದೆ.

ಅಲ್ಲಿಂದ ಕೆಳಗಿಳಿದರೆ ದೋಣಿಕಟ್ಟೆ. ದೋಣಿ ದಾಟಲು ಕೆಲವೇ ನಿಮಿಷ. ಮೀನುಗಾರರ ಮನೆಯವರು, ಕೆಲಸ ಮುಗಿಸಿ ಮನೆಗೆ ಹೋಗುವವರು, ನಿಮ್ಮಂಥ ಪ್ರವಾಸಿಗರು ಎಲ್ಲರೂ ಒಂದೇ ಹಲಗೆಯ ಮೇಲೆ ಕೂರುತ್ತಾರೆ. ನಡುನದಿಗೆ ಬಂದಾಗ ಬೆವರಿದ ಕುತ್ತಿಗೆಗೆ ಪಡುಗಾಳಿ ತಾಗುತ್ತದೆ, ದಿನದ ಮೊದಲ ತಂಪು ಅದು. ಆಚೆ ದಡದಲ್ಲಿ ಇಳಿದು ಗಾಳಿಮರಗಳ ತೋಪಿನ ನಡುವೆ ಸ್ವಲ್ಪ ನಡೆದರೆ ಕಡಲು. ಮೇ ಎರಡನೆಯ ವಾರ ಸೂರ್ಯ ಮುಳುಗುವುದು ಸುಮಾರು 6.50ಕ್ಕೆ, ಐದೂವರೆಗೆ ದೋಣಿ ಹತ್ತಿದರೆ ಆತುರವಿರುವುದಿಲ್ಲ. ಮರಳಿ ಬರುವ ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಹತ್ತುವಾಗಲೇ ಕೇಳಿಕೊಳ್ಳಿ. ಅದು ತಪ್ಪಿದರೆ ಕೂಳೂರು ಸುತ್ತಿ ರಸ್ತೆಯಲ್ಲಿ ಬರಬೇಕಾಗುತ್ತದೆ.

ಈಗ ನೀವು ಕೇಳಿದ ಮುಖ್ಯ ಪ್ರಶ್ನೆ, ನೀರಿಗೆ ಇಳಿಯುವುದು. ಇದರಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಮುಂಗಾರು ಕರಾವಳಿಗೆ ಬರುವುದು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಾದರೂ ಕಡಲು ಅದಕ್ಕೆ ಮೊದಲೇ ಏಳಲು ತೊಡಗುತ್ತದೆ. ಅಷ್ಟೇ ಅಲ್ಲ, ಏಪ್ರಿಲ್–ಮೇ ತಿಂಗಳುಗಳಲ್ಲಿ ಇಲ್ಲಿ ಗಾಳಿಯೂ ಇಲ್ಲದೆ, ಮೋಡವೂ ಇಲ್ಲದೆ ಅಲೆಗಳು ದಿಢೀರನೆ ದಡವೇರುವುದುಂಟು. ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಉಬ್ಬರದಲೆಗಳು ಹಾಗೆ ಹರಿದುಬಂದು ನಮ್ಮ ದಡಕ್ಕೆ ಬಡಿಯುತ್ತವೆ. ಮಲಯಾಳಿಗಳು ಅದಕ್ಕೆ ಕಳ್ಳಕಡಲು ಎನ್ನುತ್ತಾರೆ. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಇದರ ಮುನ್ಸೂಚನೆ ಕೊಡುತ್ತದೆ, ಜಿಲ್ಲಾಡಳಿತ ಅದನ್ನು ಪ್ರಕಟಿಸುತ್ತದೆ. ಆ ಸೂಚನೆ ಇರುವ ದಿನ ಕಡಲು ಎಷ್ಟೇ ಶಾಂತವಾಗಿ ಕಂಡರೂ ಮಕ್ಕಳ ಪಾದವೂ ನೆನೆಯಬಾರದು.

ಸೂಚನೆ ಇಲ್ಲದ ದಿನ ಪಣಂಬೂರಿಗೆ ಹೋಗಿ. ಅಲ್ಲಿ ಜೀವರಕ್ಷಕರು ಇರುತ್ತಾರೆ, ಎಲ್ಲಿಯವರೆಗೆ ಇಳಿಯಬಹುದೆಂದು ಅವರೇ ಹೇಳುತ್ತಾರೆ. ಮೊಣಕಾಲಿನ ಮಟ್ಟ ನಿಮ್ಮ ಗಡಿಯಾಗಿರಲಿ. ಅಲೆಗಳ ಸಾಲಿನ ನಡುವೆ ಒಂದು ಕಡೆ ಮಾತ್ರ ನೊರೆಯಿಲ್ಲದೆ ನೀರು ಸಪಾಟಾಗಿ ಕಂಡರೆ ಮಕ್ಕಳಿಗೆ ಅದೇ ಒಳ್ಳೆಯ ಜಾಗ ಎನಿಸುತ್ತದೆ, ದೊಡ್ಡವರಿಗೂ ಎನಿಸುತ್ತದೆ. ವಾಸ್ತವದಲ್ಲಿ ದಡಕ್ಕೆ ಬಂದ ನೀರೆಲ್ಲ ಮತ್ತೆ ಕಡಲಿಗೆ ಸೆಳೆದುಕೊಂಡು ಹೋಗುವ ದಾರಿ ಬಹುತೇಕ ಅದೇ ಆಗಿರುತ್ತದೆ. ಅದರಲ್ಲಿ ಸಿಕ್ಕಿಕೊಂಡವರು ದಡದ ಕಡೆಗೆ ಈಜಿ ದಣಿದು ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಿದ್ದ ಮೇಲೆಯೇ ದಡದತ್ತ ತಿರುಗಬೇಕು. ಉಳ್ಳಾಲ, ಸೋಮೇಶ್ವರಗಳ ದಡದಲ್ಲಿ ಬಂಡೆ ಮತ್ತು ಕಡಲ್ಕೊರೆತ ಎರಡೂ ಇವೆ. ಅಲ್ಲಿ ದಡದಲ್ಲಿ ಕುಳಿತು ಸೂರ್ಯಾಸ್ತ ನೋಡಿ, ನೀರು ಬೇಡ. ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕನ ಊರು ಉಳ್ಳಾಲ ಎಂಬುದನ್ನು ಮಕ್ಕಳು ಪಠ್ಯದಲ್ಲಿ ಓದಿರಬಹುದು.

ನಿಮ್ಮ ದೊಡ್ಡ ಮಗುವಿಗೆ ಈಜು ಬರುವುದಾದರೆ ಒಂದು ಬೆಳಿಗ್ಗೆಯನ್ನು ಸಸಿಹಿತ್ಲು ಅಥವಾ ಮೂಲ್ಕಿಯ ಕಡೆಗೆ ಮೀಸಲಿಡಿ, ನಗರದಿಂದ ಉತ್ತರಕ್ಕೆ ಸುಮಾರು 25–30 ಕಿಲೋಮೀಟರ್. ಶಾಂಭವಿ ಮತ್ತು ನಂದಿನಿ ನದಿಗಳು ಜೊತೆಯಾಗಿ ಕಡಲು ಸೇರುವ ಈ ಅಳಿವೆಯ ಪಕ್ಕದ ದಡದಲ್ಲಿ 2016ರಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆದಿತ್ತು. ಮೂಲ್ಕಿಯ ಸರ್ಫಿಂಗ್ ಶಾಲೆಗಳಲ್ಲಿ ಹೊಸಬರಿಗೆ ತರಬೇತುದಾರರು ಜೊತೆಗೇ ನಿಂತು ಕಲಿಸುತ್ತಾರೆ. ಅಲೆ ಹೆಚ್ಚಿದ್ದು ಅವರು ಬೇಡವೆಂದರೆ ಹಠ ಮಾಡದೆ ಶಾಂಭವಿಯ ಹಿನ್ನೀರಿನಲ್ಲಿ ಕಯಾಕ್ ಹುಟ್ಟು ಹಾಕಲಿ, ಅದೂ ಕಡಿಮೆ ಸಂತೋಷವಲ್ಲ.

ಮಧ್ಯಾಹ್ನದ ಹೊತ್ತಿಗೆ ನನ್ನ ಮೊದಲ ಆಯ್ಕೆ ಬಾವುಟಗುಡ್ಡದ ಸಂತ ಅಲೋಶಿಯಸ್ ಚಾಪೆಲ್. ಇಟಲಿಯ ಬೆರ್ಗಾಮೊ ಬಳಿಯಲ್ಲಿ ಹುಟ್ಟಿದ ಅಂತೋನಿಯೊ ಮೊಸ್ಕೆನಿ ಎಂಬ ಜೆಸ್ವಿಟ್ ಸಹೋದರ 1899ರಿಂದ 1901ರವರೆಗೆ ಇಲ್ಲಿದ್ದು ಗೋಡೆ, ಕಮಾನು, ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಗೋಡೆಯ ಕೆಲಸ ಹೆಚ್ಚಾಗಿ ಹಸಿ ಗಾರೆಯ ಮೇಲೆ ಬರೆಯುವ ಫ್ರೆಸ್ಕೊ ಪದ್ಧತಿಯದು. ಗಾರೆ ಒಣಗುವ ಮುನ್ನ ಬಣ್ಣ ಹಚ್ಚಿದರೆ ಅದು ಮೇಲಿನ ಲೇಪವಾಗಿ ಉಳಿಯದೆ ಗೋಡೆಯೊಳಗೇ ಸೇರಿಕೊಳ್ಳುತ್ತದೆ. ಅಷ್ಟು ಹೊತ್ತಿನೊಳಗೆ ಮುಗಿಸಬಹುದಾದಷ್ಟೇ ಗಾರೆಯನ್ನು ಪ್ರತಿದಿನ ಬಳಿಯಬೇಕು, ತಪ್ಪಾದರೆ ಕೆತ್ತಿ ತೆಗೆಯಬೇಕು. ವರ್ಷದ ನಾಲ್ಕು ತಿಂಗಳು ಗೋಡೆ ಬೆವರುವ ಈ ಊರಿನಲ್ಲಿ ಅಂಥ ಕೆಲಸಕ್ಕೆ ಕೈಹಾಕಿದವರ ಧೈರ್ಯವನ್ನು ನಾನು ಪ್ರತಿ ಸಲ ನೆನೆಯುತ್ತೇನೆ. ದಯವಿಟ್ಟು ಹತ್ತು ನಿಮಿಷದಲ್ಲಿ ಹೊರಬರಬೇಡಿ. ಬೆಂಚಿನ ಮೇಲೆ ಕುಳಿತು, ಚಾವಣಿಯ ಮೇಲೆ ಬರೆದಿರುವ ಸಂತ ಅಲೋಶಿಯಸ್ ಗೊನ್ಜಾಗರ ಬದುಕಿನ ದೃಶ್ಯಗಳನ್ನು ಒಂದೊಂದಾಗಿ ನೋಡಿ. ಪ್ರಾರ್ಥನೆಯ ಸ್ಥಳವಾದ್ದರಿಂದ ಮಾತು ಕಡಿಮೆಯಿರಲಿ, ಕ್ಯಾಮೆರಾದ ವಿಷಯದಲ್ಲಿ ಅಲ್ಲಿನ ಫಲಕ ಹೇಳಿದಂತೆ ನಡೆಯಿರಿ.

ಅಲ್ಲಿಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ನೆಲೆಯಾಗಿದ್ದ ಬಲ್ಮಠ ಹತ್ತಿರ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1841ರಲ್ಲಿ ಮುದ್ರಣಾಲಯ ತೆರೆದರು, ಹೆರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಇಲ್ಲಿಂದಲೇ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ನಾವು ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು ಇದೇ ಕಾರಣಕ್ಕೆ. ಅದೇ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಯೇ ಅದರ ಕಚ್ಚಾವಸ್ತು. ಮುಂದೆ ಹತ್ತಾರು ಕಾರ್ಖಾನೆಗಳು ಹುಟ್ಟಿ ‘ಮಂಗಳೂರು ಹೆಂಚು’ ಎಂಬ ಹೆಸರು ಕಡಲಾಚೆಗೂ ಹೋಯಿತು.

ಹಳೆಯ ಹೆಂಚಿನ ಮನೆಯ ಜಗಲಿಯಲ್ಲಿ ಅಥವಾ ಹಳೆಯ ಹೋಟೆಲಿನಲ್ಲಿ ಕುಳಿತಾಗ ಮಕ್ಕಳಿಗೆ ತಲೆಯೆತ್ತಿ ನೋಡಲು ಹೇಳಿ. ಪ್ರತಿ ಹೆಂಚಿನ ಒಂದು ಅಂಚಿನಲ್ಲಿ ಗಾಡಿ (ಉದ್ದನೆಯ ತೋಡು), ಇನ್ನೊಂದರಲ್ಲಿ ಏಣು. ಒಂದರ ಏಣು ಪಕ್ಕದ್ದರ ಗಾಡಿಯಲ್ಲಿ ಕೂರುತ್ತದೆ, ಅಡಿಯ ಗುಬುಟು ಮರದ ರೀಪಿಗೆ ಸಿಕ್ಕಿಕೊಳ್ಳುತ್ತದೆ. ಸುಣ್ಣವಿಲ್ಲ, ಮೊಳೆಯಿಲ್ಲ. ಮಳೆನೀರು ಒಳಬರುವುದಿಲ್ಲ, ಆದರೆ ಮೇಲೇರಿದ ಬಿಸಿಗಾಳಿ ಆ ಸಣ್ಣ ಸಂದುಗಳಿಂದ ಹೊರಗೆ ಹೋಗುತ್ತದೆ; ಕಾಂಕ್ರೀಟಿನ ಕೋಣೆಗಿಂತ ಹೆಂಚಿನ ಮನೆ ತಂಪಾಗಿರುವುದಕ್ಕೆ ಇದು ಮುಖ್ಯ ಕಾರಣ. ಹೆಂಚಿನ ಅಡಿಭಾಗದಲ್ಲಿ ಅಚ್ಚೊತ್ತಿದ ಕಾರ್ಖಾನೆಯ ಹೆಸರನ್ನೂ ಓದಬಹುದು. ಒಂದೇ ಸೂರಿನಲ್ಲಿ ನಾಲ್ಕಾರು ಹೆಸರು ಹುಡುಕಿ ಬರೆದುಕೊಂಡ ಮಕ್ಕಳನ್ನು ನಾನು ಕಂಡಿದ್ದೇನೆ. ಉಳಿಯುವ ಜಾಗ ಹುಡುಕುವಾಗ ಹೆಂಚಿನ ಸೂರಿನ ಹೋಂಸ್ಟೇ ಸಿಕ್ಕಿದರೆ ಅದನ್ನೇ ಹಿಡಿಯಿರಿ.

ಮಕ್ಕಳ ಒತ್ತಾಯಕ್ಕೆ ಪಿಲಿಕುಳ ನಿಸರ್ಗಧಾಮಕ್ಕೆ ಹೋಗಬೇಕಾಗಿ ಬಂದರೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಮೃಗಾಲಯ ಮುಗಿಸಿ, ಬಿಸಿಲೇರಿದ ಮೇಲೆ ತಾರಾಲಯದೊಳಗೆ ಕುಳಿತುಬಿಡಿ. ವಾರದ ರಜೆ ಯಾವ ದಿನವೆಂದು ಮೊದಲೇ ವಿಚಾರಿಸಿಕೊಳ್ಳಿ. ಮಲ್ಪೆಯ ಸೇಂಟ್ ಮೇರಿ ದ್ವೀಪ ಈ ಸಲ ಬೇಡ. ಮೇ ಮಧ್ಯದಲ್ಲಿ ಅಲೆಯೇರಿದರೆ ದೋಣಿ ನಿಲ್ಲುತ್ತದೆ, ಹೋಗಿ ಬರುವುದಕ್ಕೇ ಒಂದು ದಿನ ಕಳೆಯುತ್ತದೆ.

ಬೆಳಗಿನ ಹೊತ್ತುಗಳಲ್ಲಿ ಒಂದನ್ನು ದಕ್ಕೆಗೆ ಕೊಡಿ. ಮೀನುಗಾರಿಕಾ ಬಂದರನ್ನು ಇಲ್ಲಿ ದಕ್ಕೆ ಎನ್ನುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೇ ತಿಂಗಳು ಅವರ ಋತುವಿನ ಕೊನೆಯ ದುಡಿಮೆ. ಬೆಳಿಗ್ಗೆ ಆರಕ್ಕೆ ಹೋದರೆ, ದಿನಗಟ್ಟಲೆ ಆಳಸಮುದ್ರದಲ್ಲಿದ್ದು ಬಂದ ಬೋಟುಗಳಿಂದ ಬುಟ್ಟಿಗಳು ಇಳಿಯುವುದನ್ನೂ, ಬಂಗುಡೆ, ಬೂತಾಯಿ, ಅಂಜಲ್, ಕಾಣೆಗಳ ರಾಶಿಯ ಸುತ್ತ ಏಲಂ ನಡೆಯುವುದನ್ನೂ, ಮೀನು ಮಾರುವ ಹೆಂಗಸರು ಕಣ್ಣಳತೆಯಲ್ಲೇ ಬುಟ್ಟಿಯ ತೂಕ ನಿರ್ಧರಿಸಿ ಕೂಗುವುದನ್ನೂ ನೋಡಬಹುದು. ನೆಲ ಜಾರುತ್ತದೆ, ಅತ್ತೆಯವರನ್ನು ಕರೆದೊಯ್ಯಬೇಡಿ. ಅದು ಅವರ ದುಡಿಮೆಯ ಜಾಗ, ದಾರಿಗೆ ಅಡ್ಡ ನಿಂತು ಫೋಟೊ ತೆಗೆಯಬೇಡಿ, ಕೇಳಿ ತೆಗೆದರೆ ಯಾರೂ ಬೇಡವೆನ್ನುವುದಿಲ್ಲ. ಅಲ್ಲಿಂದ ಬಂದರು ಪ್ರದೇಶದ ಓಣಿಗಳಲ್ಲಿ ನಡೆದರೆ, ದೇಶದ ಅತಿ ಹಳೆಯ ಮಸೀದಿಗಳಲ್ಲಿ ಒಂದೆಂಬ ಪ್ರತೀತಿಯ ಜೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆ ಇದೆ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಈ ಊರಿನಲ್ಲಿ ಹದಿನೇಳು ವರ್ಷ ನೆಲೆಸಿ ಏಡನ್ನಿನ ಗೆಳೆಯರೊಡನೆ ವ್ಯಾಪಾರ ಮಾಡಿದ; ಅವನ ಪತ್ರಗಳು ಕೈರೋದ ಸಿನಗಾಗಿನ ಹಳೆಯ ಕಾಗದಗಳ ಕೋಣೆಯಲ್ಲಿ ಸಿಕ್ಕಿವೆ. ಈ ಓಣಿಗಳಲ್ಲಿ ಈಗಲೂ ಮೆಣಸು, ಅಡಿಕೆಯ ವಾಸನೆ ಮೂಗಿಗೆ ಬಡಿದಾಗ ನನಗೆ ಆ ಪತ್ರಗಳು ನೆನಪಾಗುತ್ತವೆ.

ಅತ್ತೆಯವರಿಗೆ ಇನ್ನೊಂದು ಬೆಳಿಗ್ಗೆ ಕದ್ರಿ. ಮಂಜುನಾಥ ದೇವಸ್ಥಾನದಲ್ಲಿರುವ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ವಿಗ್ರಹವನ್ನು ಆಳುಪ ದೊರೆ ಕುಂದವರ್ಮ ಕ್ರಿ.ಶ. 968ರಲ್ಲಿ ಪ್ರತಿಷ್ಠಾಪಿಸಿದನೆಂದು ಪೀಠದ ಶಾಸನ ಹೇಳುತ್ತದೆ. ದೇವಸ್ಥಾನದ ಹಿಂದಿನ ಗುಡ್ಡದಿಂದ ಬರುವ ಒರತೆಯ ನೀರು ಕೆರೆಗಳಿಗೆ ಇಳಿಯುತ್ತದೆ. ಏಳು ಗಂಟೆಯೊಳಗೆ ಹೋದರೆ ಆ ಕೆರೆಗಳ ಕಟ್ಟೆಯ ಮೇಲೆ ಬಿಸಿಲು ಬಂದಿರುವುದಿಲ್ಲ.

ಊಟ ತಿಂಡಿಯಲ್ಲೂ ಊರಿನವರ ಬೇಸಿಗೆಯ ಕ್ರಮವನ್ನೇ ಅನುಸರಿಸಿ. ಬೆಳಿಗ್ಗೆ ಬನ್ಸ್ ಅಥವಾ ನೀರುದೋಸೆ, ಮಧ್ಯಾಹ್ನ ಕುಚ್ಚಲಕ್ಕಿಯ ಗಂಜಿ ಮತ್ತು ಮಿಡಿ ಉಪ್ಪಿನಕಾಯಿ ಸಿಕ್ಕಿದರೆ ಬೇರೇನೂ ಬೇಡ; ಬೆವರಿನಲ್ಲಿ ಹೋದ ನೀರು ಮತ್ತು ಉಪ್ಪು ಎರಡೂ ಅದರಲ್ಲಿ ಮರಳುತ್ತವೆ. ದಾರಿಯಲ್ಲಿ ಬೊಂಡ (ಎಳನೀರು), ತಾಟಿನಿಂಗು (ತಾಳೆಯ ಎಳೆ ತಿರುಳು), ಬಚ್ಚಂಗಾಯಿ (ಕಲ್ಲಂಗಡಿ), ಪುನರ್ಪುಳಿ (ಕೋಕಂ) ಶರಬತ್ತು. ಹಲಸು, ಕಾಟುಮಾವು, ಮುಂಡಪ್ಪ ಮಾವು ಎಲ್ಲವೂ ಇದೇ ತಿಂಗಳ ಹಣ್ಣುಗಳು. 1975ರಲ್ಲಿ ಆರಂಭವಾದ ಐಡಿಯಲ್ ಐಸ್‌ಕ್ರೀಮ್ ಅಂಗಡಿಯಲ್ಲಿ ಉದ್ದನೆಯ ಗಾಜಿನ ಲೋಟದ ಗಡ್‌ಬಡ್ ತಿನ್ನದೆ ಮಕ್ಕಳು ಊರು ಬಿಡುವುದಿಲ್ಲ, ಬಿಡಿಸಲೂ ಬೇಡಿ.

ಕೊನೆಯದಾಗಿ ರಾತ್ರಿ. ಬೇಸಿಗೆಯ ಮಂಗಳೂರಿನ ನಿಜವಾದ ಸಂಪತ್ತು ಇದರಲ್ಲಿದೆ, ಹೊರಗಿನವರು ಹೆಚ್ಚಾಗಿ ಕಳೆದುಕೊಳ್ಳುವುದೂ ಇದನ್ನೇ. ಕಂಬಳದ ಋತು ನೀವು ಬರುವ ಮೊದಲೇ ಮುಗಿದಿರುತ್ತದೆ, ಆದರೆ ಯಕ್ಷಗಾನ ಮುಗಿದಿರುವುದಿಲ್ಲ. ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು, ಅಂದರೆ ಮೇ 24ರ ಸುಮಾರಿಗೆ, ಮೇಳಗಳು, ಅಂದರೆ ಯಕ್ಷಗಾನ ತಂಡಗಳು, ಗೆಜ್ಜೆ ಬಿಚ್ಚುತ್ತವೆ. ಮತ್ತೆ ಕಟ್ಟುವುದು ದೀಪಾವಳಿ ಕಳೆದ ಮೇಲೆ. ಎರಡನೆಯ ವಾರವೆಂದರೆ ಆಟಗಳು (ಯಕ್ಷಗಾನ ಪ್ರದರ್ಶನಕ್ಕೆ ಇಲ್ಲಿನ ಹೆಸರು) ಬಿರುಸಿನಲ್ಲಿರುವ ಹೊತ್ತು. ಕಟೀಲಿನ ದುರ್ಗಾಪರಮೇಶ್ವರಿ ದೇವಸ್ಥಾನದ ಮೇಳಗಳ ಆಟಗಳನ್ನು ಭಕ್ತರು ಹರಕೆಯಾಗಿ ತಮ್ಮ ಮನೆಯಂಗಳದಲ್ಲೋ ಗದ್ದೆಯಲ್ಲೋ ಆಡಿಸುತ್ತಾರೆ, ಟಿಕೆಟ್ ಇಲ್ಲ, ಯಾರು ಬಂದರೂ ಸ್ವಾಗತ. ಎಲ್ಲಿ ಯಾವ ಪ್ರಸಂಗವೆಂದು ಸ್ಥಳೀಯ ದಿನಪತ್ರಿಕೆಗಳಲ್ಲಿ ಬರುತ್ತದೆ. ಕೆಲವು ಆಟ ಕಾಲಮಿತಿಯಲ್ಲಿ ಮುಗಿಯುತ್ತವೆ, ಕೆಲವು ಬೆಳಗಿನವರೆಗೆ ನಡೆಯುತ್ತವೆ. ಮೊದಲೇ ಕೇಳಿಕೊಂಡು ಹೋಗಿ. ‘ಶ್ರೀದೇವಿ ಮಹಾತ್ಮೆ’ ಸಿಕ್ಕಿದರೆ ಬೇರೆ ಯಾವುದನ್ನೂ ನೋಡಬೇಡಿ. ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ಪ್ರೇಕ್ಷಕರ ಬೆನ್ನ ಹಿಂದೆ ದೂರದ ಕತ್ತಲಿನಲ್ಲಿ ಮೊದಲು ದೀವಟಿಗೆಗಳ ಬೆಂಕಿ ಕಾಣುತ್ತದೆ, ಆಮೇಲೆ ಕೊಂಬು, ಆಮೇಲೆ ಅಬ್ಬರ. ಜನ ಎದ್ದು ಎರಡು ಬದಿಗೆ ಸರಿದು ದಾರಿ ಬಿಡುತ್ತಾರೆ, ಅವನು ಅವರ ನಡುವಿನಿಂದಲೇ ಹಾದು ರಂಗವೇರುತ್ತಾನೆ.

ಅತ್ತೆಯವರಿಗೆ ಕುರ್ಚಿಯನ್ನು ಆಟ ಆಡಿಸುವ ಮನೆಯವರೇ ಹುಡುಕಿ ಕೊಡುತ್ತಾರೆ. ನೀವು ಒಂದು ಚಾಪೆ, ತೆಳ್ಳಗಿನ ಹೊದಿಕೆ ಒಯ್ಯಿರಿ. ಹಗಲಿನ ಸೆಕೆ ಎಷ್ಟಿದ್ದರೂ ನಡುರಾತ್ರಿಯ ನಂತರ ಗದ್ದೆಯ ಗಾಳಿ ತಣ್ಣಗಿರುತ್ತದೆ. ಚಿಕ್ಕ ಮಗುವಿಗೆ ನಿದ್ದೆ ಬಂದರೆ ಚಾಪೆಯ ಮೇಲೆ ಮಲಗಿಸಿ, ಮಹಿಷಾಸುರ ಬರುವ ಹೊತ್ತಿಗೆ ಚೆಂಡೆಯೇ ಎಬ್ಬಿಸುತ್ತದೆ.